ಜಾನ್ ಸ್ಕಾಟ್ ಹಾಲ್ಡೇನ್

ಜಾನ್ ಸ್ಕಾಟ್ ಹಾಲ್ಡೇನ್ (1860–1936) ಸ್ಕಾಟ್ಲೆಂಡ್ ಮೂಲದ ಬ್ರಿಟಿಷ್ ವೈದ್ಯ ಹಾಗೂ ಶರೀರಕ್ರಿಯಾ ವಿಜ್ಞಾನಿ. ಮನುಷ್ಯನ ಉಸಿರಾಟವನ್ನು ದೇಹವು ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟವರಲ್ಲಿ ಇವರು ಪ್ರಮುಖರು. ಗಣಿ, ಚರಂಡಿ, ಸುರಂಗ ಮುಂತಾದ ಕೆಲಸದ ಸ್ಥಳಗಳ ಗಾಳಿಯು ಅಲ್ಲಿ ದುಡಿಯುವವರ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ಇವರು ಜೀವನದುದ್ದಕ್ಕೂ ಅಧ್ಯಯನ ಮಾಡಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿ ಕಾರ್ಮಿಕರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಶ್ವಾಸಕೋಶದ ರೋಗಕ್ಕೆ ಕಲ್ಲಿನ ಧೂಳೇ ಮೂಲವೆಂದು ಇವರಿದ್ದ ಸಮಿತಿಯು 1904ರಲ್ಲಿ ವರದಿ ಮಾಡಿತು. ಕಾರ್ನ್‌ವಾಲಿನ ಗಣಿ ಪರಿಣತರೇ ಹೆಚ್ಚಿನ ಸಂಖ್ಯೆಯಲ್ಲಿ ಕೆಲಸ ಮಾಡಿದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿಯೂ (ಕೆ.ಜಿ.ಎಫ್.) ಅದೇ ರೋಗವು ಮುಂದೆ ವ್ಯಾಪಕವಾಗಿ ಕಂಡುಬಂದುದರಿಂದ ಹಾಲ್ಡೇನ್ ಅವರ ಸಂಶೋಧನೆಯು ಕರ್ನಾಟಕದ ಕಾರ್ಮಿಕ ಇತಿಹಾಸಕ್ಕೂ ಸಂಬಂಧಿಸಿದ್ದಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಹಾಲ್ಡೇನ್ ಅವರು 1860ರ ಮೇ ತಿಂಗಳಲ್ಲಿ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ರಾಬರ್ಟ್ ಹಾಲ್ಡೇನ್, ತಾಯಿ ಮೇರಿ ಎಲಿಜಬೆತ್ ಬರ್ಡನ್-ಸ್ಯಾಂಡರ್ಸನ್. ಅಣ್ಣ ರಿಚರ್ಡ್ ಹಾಲ್ಡೇನ್ ಮುಂದೆ ಬ್ರಿಟನ್ನಿನ ಯುದ್ಧ ಸಚಿವರಾದರು. ಸೋದರಮಾವ ಜಾನ್ ಬರ್ಡನ್-ಸ್ಯಾಂಡರ್ಸನ್ ಆಕ್ಸ್‌ಫರ್ಡಿನಲ್ಲಿ ಶರೀರಕ್ರಿಯಾ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿದ ಹಾಲ್ಡೇನ್ 1884ರಲ್ಲಿ ವೈದ್ಯಕೀಯ ಪದವಿ ಪಡೆದರು. ಜರ್ಮನಿಯ ಯೇನಾದಲ್ಲಿಯೂ ಅವರು ಕೆಲಕಾಲ ಅಭ್ಯಾಸ ಮಾಡಿದ್ದರು.

ಪದವಿಯ ನಂತರ ಅವರು ಡಂಡೀ ನಗರದ ಕಾಲೇಜಿನಲ್ಲಿ ಸಹಾಯಕರಾಗಿ ಸೇರಿ, ಬಡವರ ಮನೆಗಳ, ಶಾಲೆಗಳ ಮತ್ತು ಚರಂಡಿಗಳ ಗಾಳಿಯ ಮಾದರಿಗಳನ್ನು ಪರೀಕ್ಷಿಸಿದರು. ಇಕ್ಕಟ್ಟಾದ ಕೊಠಡಿಗಳಿಗೆ ರಾತ್ರಿಯ ವೇಳೆ ತೆರಳಿ, ಜನ ಮಲಗಿರುವಾಗಲೇ ಅಲ್ಲಿನ ಗಾಳಿಯನ್ನು ಸಂಗ್ರಹಿಸುತ್ತಿದ್ದರು. ರೋಗವನ್ನು ಅದು ಹುಟ್ಟುವ ಸ್ಥಳದಲ್ಲಿಯೇ ಹುಡುಕುವ ಈ ಕ್ರಮವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1887ರಲ್ಲಿ ಅವರು ಆಕ್ಸ್‌ಫರ್ಡಿಗೆ ಬಂದು ನೆಲೆಸಿದರು.

ಗಣಿಗಳ ಗಾಳಿಯ ಅಧ್ಯಯನ

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಮಂದಿ ಮೃತಪಟ್ಟರು. ಹಾಲ್ಡೇನ್ ಸ್ಥಳಕ್ಕೆ ತೆರಳಿ ಮೃತದೇಹಗಳನ್ನು ಪರೀಕ್ಷಿಸಿದರು. ಹೆಚ್ಚಿನವರು ಸ್ಫೋಟದ ಹೊಡೆತದಿಂದಲ್ಲ, ಅದರ ನಂತರ ಹರಡಿದ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಸತ್ತಿದ್ದರೆಂಬುದನ್ನು ಅವರು ತೋರಿಸಿದರು. ಬಣ್ಣ ಅಥವಾ ವಾಸನೆಯಿಲ್ಲದ ಈ ಅನಿಲವನ್ನು ಪತ್ತೆಹಚ್ಚಲು ಇಲಿ ಅಥವಾ ಚಿಕ್ಕ ಹಕ್ಕಿಯನ್ನು ಗಣಿಯೊಳಗೆ ಒಯ್ಯಬೇಕೆಂದು ಸಲಹೆ ನೀಡಿದರು. ಚಿಕ್ಕ ಪ್ರಾಣಿಗಳ ಮೇಲೆ ವಿಷದ ಪರಿಣಾಮ ಮನುಷ್ಯರಿಗಿಂತ ಬೇಗ ಕಾಣುವುದರಿಂದ ಕಾರ್ಮಿಕರು ತಪ್ಪಿಸಿಕೊಳ್ಳಲು ಸಮಯ ದೊರೆಯುತ್ತಿತ್ತು. ಕೆನರಿ ಹಕ್ಕಿಗಳನ್ನು ಗಣಿಗಳಲ್ಲಿ ಬಳಸುವ ಪದ್ಧತಿಯು ಹೀಗೆ ಬೆಳೆಯಿತು. ಅನಿಲದ ಪರಿಣಾಮವನ್ನು ಅಳೆಯಲು ಹಾಲ್ಡೇನ್ ಸ್ವತಃ ಅದನ್ನು ಉಸಿರಾಡಿ, ತಮ್ಮ ರಕ್ತವನ್ನೇ ಪರೀಕ್ಷಿಸಿಕೊಂಡಿದ್ದರು. 1897ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು.

ಕಾರ್ನ್‌ವಾಲ್ ವರದಿ

ಕಾರ್ನ್‌ವಾಲಿನ ತವರ ಗಣಿಗಳ ಕಾರ್ಮಿಕರಲ್ಲಿ ಕೆಮ್ಮು, ಏದುಸಿರು ಮತ್ತು ಅಕಾಲ ಮರಣಗಳು ಹೆಚ್ಚಾಗಿದ್ದವು. ಜನರು ಇದನ್ನು ಗಣಿಗಾರರ ಕ್ಷಯವೆಂದು ಕರೆಯುತ್ತಿದ್ದರು. ಈ ಕುರಿತು ಸರ್ಕಾರ ನಡೆಸಿದ ವಿಚಾರಣೆಯಲ್ಲಿ ಹಾಲ್ಡೇನ್, ಜೋಸೆಫ್ ಮಾರ್ಟಿನ್ ಮತ್ತು ಆರ್ಥರ್ ಥಾಮಸ್ ಪಾಲ್ಗೊಂಡು 1904ರಲ್ಲಿ ವರದಿ ಸಲ್ಲಿಸಿದರು.

ಸಮಿತಿಯು ಗಣಿಯಲ್ಲಿ ಕೆಲಸದಲ್ಲಿದ್ದವರನ್ನಷ್ಟೇ ನೋಡದೆ, ಸುತ್ತಲಿನ ಊರುಗಳ ಮರಣ ದಾಖಲೆಗಳನ್ನೂ ಪರಿಶೀಲಿಸಿತು. ರೋಗ ಉಲ್ಬಣಿಸಿದ ಕಾರ್ಮಿಕ ಕೆಲಸ ಬಿಟ್ಟು ಮನೆ ಸೇರುತ್ತಾನೆ. ಗಣಿಯಲ್ಲಿ ಉಳಿದವರು ಆರೋಗ್ಯವಂತರಾಗಿಯೇ ಕಾಣುತ್ತಾರೆ. ಆದ್ದರಿಂದ ಸಾವಿನ ಲೆಕ್ಕವನ್ನು ಊರಿನಲ್ಲಿ ನೋಡದೆ ರೋಗದ ಪ್ರಮಾಣ ತಿಳಿಯದು. ಈ ದಾಖಲೆಗಳ ಪ್ರಕಾರ, ಸಂಕುಚಿತ ಗಾಳಿಯಿಂದ ನಡೆಯುವ ಬೈರಿಗೆ ಯಂತ್ರಗಳಲ್ಲಿ ದುಡಿದವರು ಬಹುಪಾಲು 40 ವರ್ಷ ತುಂಬುವುದರೊಳಗೆ ಸಾಯುತ್ತಿದ್ದರು. ಅವರಲ್ಲಿ ಅನೇಕರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ದುಡಿದು ಮರಳಿದವರಾಗಿದ್ದರು.

ಕೈಯಿಂದ ಸುತ್ತಿಗೆ ಮತ್ತು ಉಳಿ ಬಳಸಿ ಕಲ್ಲು ಕೊರೆಯುವಾಗ ಏಳುವ ಧೂಳಿಗಿಂತ ಯಂತ್ರವು ಎಬ್ಬಿಸುವ ಧೂಳು ಬಹಳ ಹೆಚ್ಚು ಮತ್ತು ಬಹಳ ನವಿರು. ಈ ಧೂಳಿನ ಸಿಲಿಕಾ ಕಣಗಳು ಶ್ವಾಸಕೋಶದ ಆಳದಲ್ಲಿರುವ ಗಾಳಿಗೂಡುಗಳನ್ನು ತಲುಪಿ ಅಲ್ಲಿಯೇ ಉಳಿಯುತ್ತವೆ. ಅವುಗಳ ಸುತ್ತ ಗಾಯದ ಕಲೆಯಂತಹ ಗಟ್ಟಿ ನಾರಿನ ಅಂಗಾಂಶ ಬೆಳೆದು, ಶ್ವಾಸಕೋಶವು ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಹಾನಿಗೊಂಡ ಶ್ವಾಸಕೋಶಕ್ಕೆ ಕ್ಷಯರೋಗವು ಸುಲಭವಾಗಿ ತಗಲುವುದರಿಂದ ಎರಡೂ ರೋಗಗಳನ್ನು ಒಂದೇ ಎಂದು ಭಾವಿಸಲಾಗುತ್ತಿತ್ತು. ಒಮ್ಮೆ ಗಟ್ಟಿಯಾದ ಅಂಗಾಂಶವನ್ನು ಮತ್ತೆ ಮೊದಲಿನಂತೆ ಮಾಡುವ ಚಿಕಿತ್ಸೆ ಇಲ್ಲ. ಹೀಗಾಗಿ ಧೂಳನ್ನು ತಡೆಯುವುದೊಂದೇ ದಾರಿ. ಕೊರೆಯುವ ಜಾಗಕ್ಕೆ ನೀರು ಹಾಯಿಸಿ ಧೂಳು ಏಳದಂತೆ ಮಾಡಬೇಕೆಂಬುದು ಸಮಿತಿಯ ಮುಖ್ಯ ಸಲಹೆಯಾಗಿತ್ತು.

ಇತರ ಸಂಶೋಧನೆಗಳು

1905ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಅವರು, ಉಸಿರಾಟದ ವೇಗವನ್ನು ಸಾಮಾನ್ಯವಾಗಿ ನಿರ್ಧರಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಎಂದು ತೋರಿಸಿದರು. ಅದೇ ವರ್ಷ ಬಿಸಿಗಾಳಿಯ ಪರಿಣಾಮವನ್ನು ಕುರಿತ ಪ್ರಬಂಧದಲ್ಲಿ, ಕಾರ್ಮಿಕನು ತಾಳಬಲ್ಲ ಸೆಖೆಯನ್ನು ಸಾಮಾನ್ಯ ಉಷ್ಣಮಾಪಕದಿಂದಲ್ಲ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದಿಂದ ಅಳೆಯಬೇಕೆಂದು ವಿವರಿಸಿದರು. ತೇವಭರಿತ ಗಾಳಿಯಲ್ಲಿ ಬೆವರು ಆರದಿರುವುದೇ ಇದಕ್ಕೆ ಕಾರಣ. 1908ರಲ್ಲಿ ಬಾಯ್ಕಾಟ್ ಮತ್ತು ಡಮಂಟ್ ಜೊತೆ ಸೇರಿ, ಮುಳುಗುಗಾರರು ಹಂತಹಂತವಾಗಿ ಮೇಲೇರಬೇಕಾದ ಕ್ರಮದ ಕೋಷ್ಟಕಗಳನ್ನು ಪ್ರಕಟಿಸಿದರು. 1911ರಲ್ಲಿ ಎತ್ತರದ ಪ್ರದೇಶದ ಉಸಿರಾಟವನ್ನು ಅರಿಯಲು ಅಮೆರಿಕದ ಪೈಕ್ಸ್ ಶಿಖರಕ್ಕೆ ತಂಡದೊಡನೆ ತೆರಳಿದರು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ದಾಳಿ ಆರಂಭವಾದಾಗ ರಣರಂಗಕ್ಕೆ ಹೋಗಿ ಅನಿಲವನ್ನು ಗುರುತಿಸಿ, ರಕ್ಷಣೆಯ ಮುಖಗವಸುಗಳ ತಯಾರಿಕೆಗೆ ನೆರವಾದರು. 1912ರಿಂದ ಗಣಿ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. 1934ರಲ್ಲಿ ಅವರಿಗೆ ಕಾಪ್ಲಿ ಪದಕ ದೊರೆಯಿತು.

ಕೋಲಾರ ಚಿನ್ನದ ಗಣಿ ಪ್ರದೇಶ

ಕೋಲಾರದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ನಿರ್ವಹಿಸತೊಡಗಿತು. ಗಣಿ ಕೆಲಸದಲ್ಲಿ ಪಳಗಿದ ಕಾರ್ನ್‌ವಾಲಿನ ಮೇಲ್ವಿಚಾರಕರು ಇಲ್ಲಿಗೆ ಬಂದರು. ತಮಿಳು ಮತ್ತು ತೆಲುಗು ಪ್ರದೇಶಗಳ ಬಡ ಕುಟುಂಬಗಳು ಕೂಲಿಗಾಗಿ ವಲಸೆ ಬಂದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲು ಹಾದಿಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಇಲ್ಲಿಗೆ ತಲುಪಿತು. ಚಾಂಪಿಯನ್ ರೀಫ್ ಗಣಿಯು ಕ್ರಮೇಣ 3 ಕಿಲೋಮೀಟರ್‌ಗಿಂತಲೂ ಆಳಕ್ಕೆ ಇಳಿಯಿತು. ಅಲ್ಲಿನ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಹಾಲ್ಡೇನ್ ಅಧ್ಯಯನ ಮಾಡಿದ ಸೆಖೆ ಮತ್ತು ಧೂಳು ಎರಡೂ ಇಲ್ಲಿ ಒಟ್ಟಿಗೆ ಇದ್ದವು.

ಇಲ್ಲಿನ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ದೊರೆಯುತ್ತಿತ್ತು. ಬೆಣಚುಕಲ್ಲು ಎಂದರೆ ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಕೊರೆಯುವುದು, ಸಿಡಿಸುವುದು, ತುಂಬುವುದು, ಪುಡಿ ಮಾಡುವುದು ಹೀಗೆ ಪ್ರತಿ ಹಂತದಲ್ಲಿಯೂ ಈ ಧೂಳು ಏಳುತ್ತಿತ್ತು. 1940ರ ದಶಕದಲ್ಲಿ ಗಣಿಯ ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. 1947ರಲ್ಲಿ ಪ್ರಕಟವಾದ ಈ ಸಮೀಕ್ಷೆಯು ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಲ ಪ್ರಮುಖ ಅಧ್ಯಯನಗಳಲ್ಲಿ ಒಂದು. ಕಾರ್ನ್‌ವಾಲ್ ವರದಿ ಬಂದು ಆಗಲೇ ನಾಲ್ಕು ದಶಕಗಳು ಕಳೆದಿದ್ದವು. ಕಾರಣವೂ ಪರಿಹಾರವೂ ತಿಳಿದಿದ್ದ ರೋಗವೊಂದು ಅಷ್ಟು ಕಾಲದ ನಂತರವೂ ಇಷ್ಟು ವ್ಯಾಪಕವಾಗಿತ್ತು.

ಸ್ವತಂತ್ರ ಭಾರತದಲ್ಲಿ ಸಿಲಿಕೋಸಿಸ್ ಅನ್ನು 1948ರ ಕಾರ್ಖಾನೆ ಕಾಯ್ದೆಯಲ್ಲಿ ಮತ್ತು 1952ರ ಗಣಿ ಕಾಯ್ದೆಯ ಅಡಿಯಲ್ಲಿ ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸೇರಿಸಲಾಗಿತ್ತು. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸಿಲಿಕೋಸಿಸ್ ಧೂಳಿನ ಸಂಪರ್ಕ ನಿಂತ ಮೇಲೂ ಮುಂದುವರಿಯಬಲ್ಲ ರೋಗ; ಆದ್ದರಿಂದ ಗಣಿ ಮುಚ್ಚಿದರೂ ಕಾರ್ಮಿಕರ ಪಾಲಿಗೆ ಅದು ಮುಗಿಯುವುದಿಲ್ಲ. ಚಿನ್ನ ತೆಗೆದ ನಂತರ ಉಳಿದ ನುಣ್ಣನೆಯ ಪುಡಿಯ ರಾಶಿಗಳು, ಸ್ಥಳೀಯರು ಸೈನೈಡ್ ದಿಬ್ಬಗಳೆಂದು ಕರೆಯುವ ಬೆಟ್ಟಗಳು, ಇಂದಿಗೂ ಪಟ್ಟಣದ ಮಗ್ಗುಲಲ್ಲಿವೆ. ಗಾಳಿ ಬೀಸುವ ಕಾಲದಲ್ಲಿ ಅವುಗಳ ಧೂಳು ಮನೆಗಳವರೆಗೂ ಹರಡುತ್ತದೆ.

ಹಾಲ್ಡೇನ್ ನಿಲುವಿನ ಮಿತಿ

ಕಲ್ಲಿನ ಧೂಳಿನ ವಿಷಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದ ಹಾಲ್ಡೇನ್, ಕಲ್ಲಿದ್ದಲಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಲ್ಲವೆಂದು ನಂಬಿದ್ದರು. ಅವರ ಪ್ರತಿಷ್ಠೆಯಿಂದಾಗಿ ಈ ಅಭಿಪ್ರಾಯಕ್ಕೆ ಹೆಚ್ಚಿನ ತೂಕ ಬಂದು, ಕಲ್ಲಿದ್ದಲು ಕಾರ್ಮಿಕರ ರೋಗಕ್ಕೆ ಮಾನ್ಯತೆ ದೊರೆಯುವುದು ತಡವಾಯಿತು. ವೇಲ್ಸ್‌ನಲ್ಲಿ ನಡೆದ ಸಮೀಕ್ಷೆಗಳ ನಂತರ, 1943ರಲ್ಲಿ ಆ ರೋಗಕ್ಕೆ ಬ್ರಿಟನ್ನಿನಲ್ಲಿ ಪರಿಹಾರ ಲಭ್ಯವಾಯಿತು. ಕೋಲಾರದ ಸಮೀಕ್ಷೆ ನಡೆಸಿದ ವೈದ್ಯರಲ್ಲಿ ಒಬ್ಬರಾದ ಆಂಥೊನಿ ಕ್ಯಾಪ್ಲನ್ ನಂತರ ವೇಲ್ಸ್‌ಗೆ ತೆರಳಿ, ಸಂಧಿವಾತವಿರುವ ಕಲ್ಲಿದ್ದಲು ಕಾರ್ಮಿಕರ ಶ್ವಾಸಕೋಶದಲ್ಲಿ ಕಾಣುವ ವಿಶಿಷ್ಟ ಗಂಟುಗಳನ್ನು 1953ರಲ್ಲಿ ವಿವರಿಸಿದರು. ಅದಕ್ಕೆ ಇಂದು ಅವರದೇ ಹೆಸರಿದೆ.

ಕುಟುಂಬ ಮತ್ತು ನಿಧನ

ಹಾಲ್ಡೇನ್ ಅವರು 1891ರಲ್ಲಿ ಲೂಯಿಸಾ ಕ್ಯಾಥ್ಲೀನ್ ಟ್ರಾಟರ್ ಅವರನ್ನು ವಿವಾಹವಾದರು. ಮಗಳು ನವೋಮಿ ಮಿಚಿಸನ್ ಲೇಖಕಿಯಾಗಿ ಹೆಸರಾದರು. ಮಗ ಜೆ. ಬಿ. ಎಸ್. ಹಾಲ್ಡೇನ್ ಬಾಲ್ಯದಲ್ಲಿಯೇ ತಂದೆಯೊಡನೆ ಗಣಿಗಳಿಗೆ ಇಳಿದಿದ್ದರು. ತಳಿವಿಜ್ಞಾನಿಯಾಗಿ ಪ್ರಸಿದ್ಧರಾದ ಅವರು 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ಜಾನ್ ಸ್ಕಾಟ್ ಹಾಲ್ಡೇನ್ ತಮ್ಮ 75ನೆಯ ವಯಸ್ಸಿನಲ್ಲಿಯೂ ಕೆಲಸದ ಸ್ಥಳಗಳ ಭೇಟಿಯನ್ನು ನಿಲ್ಲಿಸಿರಲಿಲ್ಲ. ಪರ್ಷಿಯಾ ಮತ್ತು ಇರಾಕಿನ ತೈಲ ಘಟಕಗಳಲ್ಲಿ ಕಾರ್ಮಿಕರಿಗೆ ತಗಲುತ್ತಿದ್ದ ಬಿಸಿಲ ಬೇಗೆಯ ಆಘಾತವನ್ನು ಅಧ್ಯಯನ ಮಾಡಿ ಮರಳಿದ ಸ್ವಲ್ಪ ಸಮಯದಲ್ಲೇ, 1936ರ ಮಾರ್ಚ್ 14ರ ಮಧ್ಯರಾತ್ರಿಯ ಹೊತ್ತಿಗೆ ಅವರು ಆಕ್ಸ್‌ಫರ್ಡಿನಲ್ಲಿ ನಿಧನರಾದರು.