ಹೆನ್ರಿ ವಾಟ್ಸನ್ ಫೌಲರ್

ಇಂಗ್ಲಿಷಿನಲ್ಲಿ ನಮ್ಮ ವಿದ್ಯಾರ್ಥಿಗಳನ್ನು ಕಾಡುವ ಸಂಗತಿಗಳಲ್ಲಿ ಪದವ್ಯುತ್ಕ್ರಮವೂ ಒಂದು. ಎಂದರೆ, ಕರ್ತೃಪದದ ಅನಂತರ ಬರಬೇಕಾದ ಕ್ರಿಯಾಪದವು ಅದಕ್ಕಿಂತ ಮೊದಲೇ ಬಂದು ನಿಲ್ಲುವುದು. ಕನ್ನಡದಲ್ಲಿ ‘ಹುಲಿಯನ್ನು ಕೊಂದನು ರಾಮನು’ ಎಂದರೂ ರಾಮನಿಗೆ ಅಪಾಯವಿಲ್ಲ. ವಿಭಕ್ತಿಪ್ರತ್ಯಯವು ಅವನನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯಗಳು ಬಹುಮಟ್ಟಿಗೆ ಉದುರಿಹೋಗಿರುವುದರಿಂದ ಸ್ಥಾನವೇ ಪ್ರಧಾನ. ‘ಯು ಆರ್’ ಎಂಬುದು ‘ಆರ್ ಯು’ ಆದೊಡನೆ ಹೇಳಿಕೆಯು ಪ್ರಶ್ನೆಯಾಗುತ್ತದೆ. ಈ ವಿಷಯವನ್ನು ಕುರಿತು ನಾನು ಓದಿದವರಲ್ಲಿ ಫೌಲರನಷ್ಟು ನಿಷ್ಠುರವಾಗಿ ಬರೆದವರಿಲ್ಲ. ಆತನ ಬಾಳೂ ಅಷ್ಟೇ ನಿಷ್ಠುರವಾದುದು.

1858ರಲ್ಲಿ ಇಂಗ್ಲೆಂಡಿನ ಟನ್‌ಬ್ರಿಜ್‌ನಲ್ಲಿ ಜನಿಸಿದ ಈತನು ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, ಸೆಡ್ಬರ್ ಶಾಲೆಯಲ್ಲಿ ಹದಿನೇಳು ವರ್ಷ ಉಪಾಧ್ಯಾಯನಾಗಿದ್ದನು. ಅಲ್ಲಿ ಮೇಲಿನ ಹುದ್ದೆ ದೊರೆಯಬೇಕಾದರೆ ಬಾಲಕರನ್ನು ಕ್ರೈಸ್ತ ದೃಢೀಕರಣ ಸಂಸ್ಕಾರಕ್ಕೆ ಸಿದ್ಧಪಡಿಸಬೇಕಾಗಿತ್ತು. ತನಗೆ ನಂಬಿಕೆಯಿಲ್ಲದುದನ್ನು ಮಕ್ಕಳಿಗೆ ಬೋಧಿಸಲು ಆತನು ಒಪ್ಪಲಿಲ್ಲ. 1899ರಲ್ಲಿ ಕೆಲಸವನ್ನು ಬಿಟ್ಟನು. ನಲವತ್ತು ದಾಟಿದವನಿಗೆ ತಿಂಗಳ ಸಂಬಳವನ್ನು ತೊರೆಯುವುದು ಸಣ್ಣ ಮಾತೇ?

ಕೆಲಕಾಲ ಲಂಡನ್ನಿನಲ್ಲಿದ್ದು, 1903ರಲ್ಲಿ ಗರ್ನ್‌ಸಿ ದ್ವೀಪಕ್ಕೆ ಹೋಗಿ, ಅಲ್ಲಿ ಟೊಮೆಟೊ ಬೆಳೆಯುತ್ತಿದ್ದ ತಮ್ಮ ಫ್ರಾನ್ಸಿಸನನ್ನು ಸೇರಿಕೊಂಡನು. ಅಣ್ಣತಮ್ಮಂದಿರು ಕೂಡಿ ಬರೆದ ‘ದಿ ಕಿಂಗ್ಸ್ ಇಂಗ್ಲಿಷ್’ 1906ರಲ್ಲಿ ಹೊರಬಂದಿತು. ಪತ್ರಿಕೆಗಳಿಂದಲೂ ಪ್ರಸಿದ್ಧ ಲೇಖಕರಿಂದಲೂ ತಪ್ಪುಗಳನ್ನು ಹೆಕ್ಕಿ ತೆಗೆದ ಆ ಗ್ರಂಥದಲ್ಲಿ ಪದವ್ಯುತ್ಕ್ರಮಕ್ಕೂ ಪಾಲುಂಟು. ವ್ಯುತ್ಕ್ರಮವೇ ಕೂಡದೆಂದು ಅವರ ವಾದವಲ್ಲ. ಪ್ರಶ್ನೆಯಲ್ಲಿ ಅದು ಅವಶ್ಯ. ‘ನೆವರ್’ ಎಂದು ತೊಡಗಿದರೆ ‘ನೆವರ್ ಹ್ಯಾವ್ ಐ’ ಎಂದೇ ಮುಂದುವರಿಯಬೇಕು. ಕರ್ತೃಭಾಗ ಬಹಳ ಉದ್ದವಾಗಿ ಕ್ರಿಯಾಪದ ಗಿಡ್ಡಾಗಿದ್ದರೆ ತೂಕ ಸರಿಹೋಗಲೆಂದೂ ತಿರುಗಿಸಬಹುದು. ಯಾವ ಅಗತ್ಯವೂ ಇಲ್ಲದೆ, ಬರಿಯ ಬೆಡಗಿಗಾಗಿ, ‘ಆ್ಯಸ್’, ‘ದ್ಯಾನ್’ ಪದಗಳ ಮುಂದೆ ‘ಆ್ಯಸ್ ಡಿಡ್ ಹಿಸ್ ಫಾದರ್’ ಎಂಬ ಬಗೆಯಲ್ಲಿ ತಿರುಗಿಸುವುದನ್ನು ಕಂಡರೆ ಮಾತ್ರ ಅವರಿಗೆ ಆಗದು. ಇಲ್ಲಿ ಅವರ ಕೋಪ ತುಸು ಅತಿಯಾಯಿತೆಂದು ನನ್ನ ಎಣಿಕೆ; ಒಳ್ಳೆಯ ಲೇಖಕರೂ ಹಾಗೆ ಬರೆಯುತ್ತಾರೆ.

1908ರಲ್ಲಿ, ಐವತ್ತನೆಯ ಹುಟ್ಟುಹಬ್ಬದ ದಿನ, ಹೆನ್ರಿಯ ವಿವಾಹವಾಯಿತು. 1911ರಲ್ಲಿ ಸೋದರರ ‘ಕನ್ಸೈಸ್ ಆಕ್ಸ್‌ಫರ್ಡ್’ ನಿಘಂಟು ಪ್ರಕಟವಾಯಿತು. ಬಳಿಕ ಮಹಾಯುದ್ಧ ಬಂದಿತು. ಪದದ ಸ್ಥಾನದಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಈ ಮನುಷ್ಯನು ಐವತ್ತೈದು ದಾಟಿದ್ದರೂ ವಯಸ್ಸನ್ನು ಸುಳ್ಳು ಹೇಳಿ ತಮ್ಮನೊಡನೆ ಸೈನ್ಯವನ್ನು ಸೇರಿದನು! ಫ್ರಾನ್ಸಿನಲ್ಲಿ ಅವರಿಗೆ ದೊರೆತದ್ದು ಪಾತ್ರೆ ತೊಳೆಯುವ, ಕಲ್ಲಿದ್ದಲು ಹೊರುವ ಕೆಲಸ. ಕಾಳಗಕ್ಕೆ ಕಳುಹಿಸಿರೆಂದು ಬೇಡಿಕೊಂಡದ್ದು ವ್ಯರ್ಥವಾಯಿತು. ಆ ಸೇವೆಯಲ್ಲಿಯೇ ಕ್ಷಯ ಅಂಟಿ ಫ್ರಾನ್ಸಿಸನು 1918ರಲ್ಲಿ ತೀರಿಕೊಂಡನು.

ಇಬ್ಬರೂ ಕೂಡಿ ಯೋಚಿಸಿದ್ದ ದೊಡ್ಡ ಗ್ರಂಥವನ್ನು ಹೆನ್ರಿ ಒಬ್ಬನೇ ಬರೆದು ಮುಗಿಸಬೇಕಾಯಿತು. ಅದೇ 1926ರ ‘ಮಾಡರ್ನ್ ಇಂಗ್ಲಿಷ್ ಯೂಸೇಜ್’. ಅದರಲ್ಲಿ ವ್ಯುತ್ಕ್ರಮವನ್ನು ಕುರಿತ ಲೇಖನವು ಬಹು ದೀರ್ಘವಾದುದು, ಅರ್ಪಣೆಯಾದರೋ ಚಿಕ್ಕದು. ಅದರಲ್ಲಿ ಆತನು ತಮ್ಮನ ಬುದ್ಧಿ ತನ್ನದಕ್ಕಿಂತ ಚುರುಕೆಂದೂ ಮನಸ್ಸು ಹೆಚ್ಚು ವಿಶಾಲವೆಂದೂ ಒಪ್ಪಿಕೊಂಡಿದ್ದಾನೆ. 1933ರ ಡಿಸೆಂಬರ್ 26ರಂದು, ಸಾಮರ್ಸೆಟ್ ಪ್ರಾಂತದ ಹಳ್ಳಿಯೊಂದರಲ್ಲಿ, ಹೆನ್ರಿಯೂ ಕಣ್ಣು ಮುಚ್ಚಿದನು.