ಮೊಬೈಲ್‌ಗೆ ಬರುವ ಗುಡುಗು-ಮಿಂಚಿನ ಅಲರ್ಟ್ ಹಿಂದೆ ಈ ಮಹಿಳೆಯ ಶ್ರಮ: ಬೆಂಗಳೂರಲ್ಲಿ ಓದಿದ ಅನ್ನಾ ಮಣಿ ಯಾರು ಗೊತ್ತಾ?

ಥಾಣೆ: ಮೇ ತಿಂಗಳು ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಜನ ಸಂಜೆ ಲೋಕಲ್ ರೈಲು ಹತ್ತುವ ಮುನ್ನ ಮೊಬೈಲ್‌ನಲ್ಲಿ ಹವಾಮಾನ ಇಲಾಖೆಯ ಅಲರ್ಟ್ ನೋಡುತ್ತಾರೆ. ಮುಂದಿನ ಮೂರು ಗಂಟೆಯಲ್ಲಿ ಗುಡುಗು, ಮಿಂಚು, ಬಿರುಗಾಳಿ ಇದೆಯೇ ಎಂಬುದು ಅದರಲ್ಲಿರುತ್ತದೆ. ಆ ಒಂದು ಸಾಲನ್ನು ನಂಬಬೇಕಾದರೆ ದೇಶದ ಉದ್ದಗಲಕ್ಕೂ ಇಟ್ಟಿರುವ ಉಪಕರಣಗಳು ಸರಿಯಾಗಿ ಅಳೆಯಬೇಕು. ಸ್ವತಂತ್ರ ಭಾರತದಲ್ಲಿ ಈ ಅಳತೆಗೆ ಶಿಸ್ತು ತಂದವರಲ್ಲಿ ಪ್ರಮುಖರು ವಿಜ್ಞಾನಿ ಅನ್ನಾ ಮಣಿ.

ವಜ್ರದ ಓಲೆ ಬಿಟ್ಟು ವಿಶ್ವಕೋಶ ಕೇಳಿದ ಬಾಲಕಿ

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಅಂದಿನ ತಿರುವಾಂಕೂರು ಸಂಸ್ಥಾನದ ಪೀರ್‌ಮೇಡ್‌ನಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ, ಈ ಹುಡುಗಿ ಅದರ ಬದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೇಳಿದಳು. ಗಾಂಧೀಜಿಯ ಪ್ರಭಾವದಿಂದ ಖಾದಿ ಉಡಲು ಆರಂಭಿಸಿದ್ದೂ ಚಿಕ್ಕಂದಿನಲ್ಲೇ.

ರಾಮನ್ ಪ್ರಯೋಗಾಲಯ, ಆದರೆ ಸಿಗದ ಪಿಎಚ್‌ಡಿ

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸರ್ ಸಿ.ವಿ. ರಾಮನ್ ಮಾರ್ಗದರ್ಶನದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣದ ಬಗ್ಗೆ ಸಂಶೋಧನೆ ನಡೆಸಿ ಐದು ಪ್ರಬಂಧ ಪ್ರಕಟಿಸಿದರು. ಆದರೂ ಎಂಎಸ್‌ಸಿ ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ನೀಡಲಿಲ್ಲ. ಅವರ ಹೆಸರಿನ ಹಿಂದೆ ಆ ಪದವಿ ಕೊನೆವರೆಗೂ ಸೇರಲಿಲ್ಲ.

1945ರಲ್ಲಿ ಲಂಡನ್‌ನ ಇಂಪೀರಿಯಲ್ ಕಾಲೇಜಿಗೆ ಹೋದರು. ಓದಬೇಕೆಂದುಕೊಂಡದ್ದು ಭೌತಶಾಸ್ತ್ರ. ಆದರೆ ವಿದ್ಯಾರ್ಥಿವೇತನ ಇದ್ದದ್ದು ಹವಾಮಾನ ಉಪಕರಣಗಳ ಅಧ್ಯಯನಕ್ಕೆ ಮಾತ್ರ. ಅವರ ಬದುಕಿನ ದಾರಿ ಬದಲಾಗಿದ್ದು ಇಲ್ಲೇ.

121 ಪುರುಷರಿಗೆ ಒಬ್ಬರೇ ಮುಖ್ಯಸ್ಥೆ

1948ರಲ್ಲಿ ಭಾರತಕ್ಕೆ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದಾಗ ಸಾಮಾನ್ಯ ಉಪಕರಣಗಳಿಗೂ ದೇಶ ವಿದೇಶವನ್ನೇ ನಂಬಿತ್ತು. 1953ರಲ್ಲಿ ಉಪಕರಣ ವಿಭಾಗದ ಹೊಣೆ ಅವರ ಹೆಗಲೇರಿತು. ಕೈಕೆಳಗೆ 121 ಮಂದಿ, ಎಲ್ಲರೂ ಪುರುಷರು. ಸುಮಾರು 100 ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಏಕರೂಪಗೊಳಿಸಿ, ಇಲ್ಲೇ ತಯಾರಿಸಲು ದಾರಿ ಮಾಡಿದರು. ತಪ್ಪು ಅಳತೆಗಿಂತ ಅಳೆಯದೇ ಇರುವುದೇ ಮೇಲು ಎಂಬುದು ಅವರ ಖಚಿತ ನಿಲುವಾಗಿತ್ತು.

ಗುಡುಗು ಮಳೆಗೂ ಅಳತೆಗೂ ಏನು ಸಂಬಂಧ?

ನೆಲದ ಬಳಿ ಬಿಸಿಯಾದ ತೇವದ ಗಾಳಿ, ಮೇಲೆ ತಂಪು ಗಾಳಿ ಇದ್ದರೆ ಕೆಳಗಿನ ಗಾಳಿ ವೇಗವಾಗಿ ಮೇಲೇರಿ ಗುಡುಗು ಮೋಡವಾಗುತ್ತದೆ. ಇದನ್ನು ಮೊದಲೇ ತಿಳಿಯಲು ಬಲೂನಿಗೆ ರೇಡಿಯೊಸಾಂಡ್ ಎಂಬ ಪುಟ್ಟ ಉಪಕರಣ ಕಟ್ಟಿ ಆಕಾಶಕ್ಕೆ ಬಿಡುತ್ತಾರೆ. ಮುಂಬೈನ ಸಾಂತಾಕ್ರೂಜ್‌ನಿಂದಲೂ ಹೀಗೆ ಬಲೂನ್ ಹಾರುತ್ತದೆ. ಉಷ್ಣಾಂಶ, ತೇವಾಂಶ, ಒತ್ತಡದ ಅಂಕಿ ಸ್ವಲ್ಪ ತಪ್ಪಿದರೂ ಮುನ್ಸೂಚನೆ ದಾರಿ ತಪ್ಪುತ್ತದೆ. ಮೋಡಕ್ಕೆ ರಾಜ್ಯದ ಗಡಿ ಇಲ್ಲ. ಹೀಗಾಗಿ ಮುಂಬೈನ ಅಂಕಿಯನ್ನು ನಾಗಪುರ, ಕೋಲ್ಕತ್ತಾದ ಅಂಕಿಯ ಜತೆ ಹೋಲಿಸಬೇಕಾದರೆ ಎಲ್ಲೆಡೆ ಒಂದೇ ಅಳತೆಗೋಲು ಇರಬೇಕು. ಅನ್ನಾ ಮಣಿ ಹಟ ಹಿಡಿದಿದ್ದು ಇದಕ್ಕಾಗಿಯೇ.

ಇದರ ಬೆಲೆ ಎಷ್ಟು ಎಂಬುದು 2024ರ ಮೇ 13ರಂದು ಗೊತ್ತಾಯಿತು. ಅಂದು ಮುಂಬೈ, ಥಾಣೆ ಸುತ್ತ ಎದ್ದ ಧೂಳು ಬಿರುಗಾಳಿಗೆ ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಕುಸಿದು 17 ಮಂದಿ ಸತ್ತರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ, 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಇಂದು ರಾಡಾರ್, ಉಪಗ್ರಹ, ಸಿಡಿಲಿನ ಎಚ್ಚರಿಕೆ ನೀಡುವ ದಾಮಿನಿ ಆ್ಯಪ್ ಎಲ್ಲವೂ ಇವೆ. ಆದರೆ ಅಳತೆ ಸರಿ ಇದ್ದರಷ್ಟೇ ಅವುಗಳ ಎಚ್ಚರಿಕೆಗೂ ಬೆಲೆ.

ಮತ್ತೆ ಬೆಂಗಳೂರಿಗೆ

1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅನ್ನಾ ಮಣಿ ದೇಶದಲ್ಲಿ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಓಝೋನ್ ಅಳೆಯುವ ದೇಶೀಯ ಉಪಕರಣವೂ ಅವರ ನೇತೃತ್ವದಲ್ಲೇ ರೂಪುಗೊಂಡಿತು. ವಿಕ್ರಮ್ ಸಾರಾಭಾಯಿ ಕೋರಿಕೆಯಂತೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ಸ್ಥಾಪಿಸಿದರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಗಾಳಿಯ ವೇಗ ಹಾಗೂ ಸೌರಶಕ್ತಿ ಅಳೆಯುವ ಉಪಕರಣ ತಯಾರಿಸುವ ಸಣ್ಣ ಕಂಪನಿಯನ್ನೂ ಬೆಂಗಳೂರಿನಲ್ಲೇ ಆರಂಭಿಸಿದರು. ಇಂದಿನ ಸೌರ ಮತ್ತು ಪವನ ವಿದ್ಯುತ್ ಯೋಜನೆಗಳಿಗೆ ಅವರ ಅಂಕಿಅಂಶಗಳು ಅಡಿಪಾಯವಾದವು.

ಮದುವೆಯಾಗದೆ ಕೆಲಸಕ್ಕೇ ಬದುಕು ಮೀಸಲಿಟ್ಟ ಅವರು 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ಕೊನೆಯುಸಿರೆಳೆದರು. ಅವರ 104ನೇ ಜನ್ಮದಿನದಂದು ಗೂಗಲ್ ಡೂಡಲ್ ಗೌರವ ಸಲ್ಲಿಸಿದಾಗ ಅನೇಕರು ಈ ಹೆಸರನ್ನು ಮೊದಲ ಬಾರಿ ಕೇಳಿದರು. ಪಿಎಚ್‌ಡಿ ಸಿಗದ ಈ ವಿಜ್ಞಾನಿ ಹಾಕಿಕೊಟ್ಟ ಅಳತೆಯ ಶಿಸ್ತಿನ ಮೇಲೆಯೇ ದೇಶದ ಹವಾಮಾನ ಮುನ್ಸೂಚನೆ ಇಂದಿಗೂ ನಿಂತಿದೆ.