ಅಂಕಿಗಳಲ್ಲಿ ಜನರನ್ನು ಕಂಡ ಮಹಲನೋಬಿಸ್

ಸರಾಸರಿ, ಮಧ್ಯಾಂಕ, ಬಹುಲಕ ಎಂಬ ಪಾಠವನ್ನು ಅನೇಕ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಲಿತು, ಪರೀಕ್ಷೆಯ ಮರುದಿನವೇ ಮರೆಯುತ್ತಾರೆ. ಇಂತಹ ಲೆಕ್ಕಗಳು ನಾಡಿನ ಜನರ ಕಷ್ಟಸುಖಗಳನ್ನು ಅರಿಯುವ ಸಾಧನಗಳೆಂದು ತೋರಿಸಿದ ಮಹನೀಯರು ಪ್ರಶಾಂತಚಂದ್ರ ಮಹಲನೋಬಿಸ್.

ಅವರು 1893ನೆಯ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ಭೌತಶಾಸ್ತ್ರವನ್ನು ಓದಿ, ಹೆಚ್ಚಿನ ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ನಮ್ಮ ತಮಿಳುನಾಡಿನ ಈರೋಡಿನಲ್ಲಿ ಜನಿಸಿದ ಗಣಿತಜ್ಞ ರಾಮಾನುಜನ್ ಅಲ್ಲಿ ಅವರ ಸ್ನೇಹಿತರಾದರು. 1915ರಲ್ಲಿ ತಾಯ್ನಾಡಿಗೆ ಮರಳುವಾಗ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರ ಸಂಪುಟಗಳನ್ನು ಕೊಂಡು ತಂದು, ಹಡಗಿನಲ್ಲಿಯೇ ಓದತೊಡಗಿದರು. ಕಲ್ಕತ್ತೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರೂ ಅವರ ಮನಸ್ಸು ಸಂಖ್ಯಾಶಾಸ್ತ್ರದಲ್ಲಿಯೇ ನೆಲೆಸಿತು.

1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಗೆ ಭಾರೀ ಪ್ರವಾಹ ಬಂತು. ನದಿಯ ತಳ ಮೇಲೇರಿದೆ, ಆದುದರಿಂದ ದಡದ ಒಡ್ಡುಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಅಭಿಪ್ರಾಯಪಟ್ಟರು. ಮಹಲನೋಬಿಸರು ಒಂದು ವರ್ಷದ ಅನಾಹುತವನ್ನಷ್ಟೇ ನೋಡಲಿಲ್ಲ. ಸುಮಾರು 60 ವರ್ಷಗಳ ಅಂಕಿಗಳನ್ನು ಪರಿಶೀಲಿಸಿ, ನದಿಯ ತಳ ಏರಿಲ್ಲವೆಂದು ತೋರಿಸಿದರು. ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ಹೆಚ್ಚಿನ ನೀರನ್ನು ತಡೆಯುವುದೇ ಸರಿಯಾದ ಪರಿಹಾರವೆಂದರು. ಕಾರಣವನ್ನು ತಪ್ಪಾಗಿ ತಿಳಿದರೆ ಹಣವೂ ಹೋಗುತ್ತದೆ, ಊರೂ ಉಳಿಯುವುದಿಲ್ಲ. ದಕ್ಷಿಣ ಪಿನಾಕಿನಿಯ ದಡದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1931ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಲ್ಕತ್ತೆಯಲ್ಲಿ ಸ್ಥಾಪಿಸಿದರು. ಹೂವಿನಹಡಗಲಿಯಲ್ಲಿ ಹುಟ್ಟಿ ವಿಶ್ವವಿಖ್ಯಾತರಾದ ಸಿ. ಆರ್. ರಾವ್ 1941ರಲ್ಲಿ ಅಲ್ಲಿಗೆ ಸೇರಿದರು. ದೇಶ ಸ್ವತಂತ್ರವಾದ ಮೇಲೆ, 1950ರಲ್ಲಿ, ಮಹಲನೋಬಿಸರ ಮುಂದಾಳ್ತನದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಾರಂಭವಾಯಿತು. ಎಲ್ಲ ಮನೆಗಳಿಗೂ ಹೋಗದೆ, ಕ್ರಮಬದ್ಧವಾಗಿ ಆರಿಸಿದ ಕೆಲವು ಮನೆಗಳಿಂದ ದೇಶದ ಸ್ಥಿತಿಯನ್ನು ತಿಳಿಯುವ ವಿಧಾನವಿದು.

ಆದರೆ ಸಂಗ್ರಹಿಸಿದ ಅಂಕಿಗಳನ್ನು ಹೇಗೆ ಓದಬೇಕು? ಐದು ಕುಟುಂಬಗಳ ತಿಂಗಳ ವರಮಾನ ಸಾವಿರ ರೂಪಾಯಿಗಳಲ್ಲಿ 8, 8, 10, 14, 60 ಎಂದಿಟ್ಟುಕೊಳ್ಳೋಣ. ಒಟ್ಟು 100; ಐದರಿಂದ ಭಾಗಿಸಿದರೆ ಸರಾಸರಿ 20. ಏರಿಕೆಯ ಕ್ರಮದಲ್ಲಿ ನಡುವೆ ನಿಂತ 10 ಮಧ್ಯಾಂಕ. ಹೆಚ್ಚು ಬಾರಿ ಬಂದ 8 ಬಹುಲಕ. ಸರಾಸರಿಯನ್ನಷ್ಟೇ ನೋಡಿದವರು ಊರು ಸುಖವಾಗಿದೆ ಎಂದಾರು. ಆದರೆ ನಾಲ್ಕು ಮನೆಗಳಿಗೆ ಆ 20 ಸಾವಿರ ಕನ್ನಡಿಯೊಳಗಿನ ಗಂಟು. ಮಹಲನೋಬಿಸರು ಮಧ್ಯಾಂಕದ ವಿಚಾರವನ್ನೇ ಮುಂದುವರಿಸಿದರು. ಜನರನ್ನು ಬಡವರಿಂದ ಸಿರಿವಂತರವರೆಗೆ ಕ್ರಮವಾಗಿ ನಿಲ್ಲಿಸಿ, ಸಮಸಂಖ್ಯೆಯ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿನ ಸ್ಥಿತಿಯನ್ನೂ ಬೇರೆಬೇರೆಯಾಗಿ ನೋಡುವ ವಿಧಾನವನ್ನು 1960ರಲ್ಲಿ ಪ್ರಕಟಿಸಿದರು. ಕೊನೆಯ ಸಾಲಿನ ಬಡವನು ಸರಾಸರಿಯಲ್ಲಿ ಮರೆಯಾಗದಂತೆ ಇದು ಕಾಯುತ್ತದೆ.

1968ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ದೊರೆಯಿತು. 1972ರ ಜೂನ್ 28ರಂದು, 79 ತುಂಬಲು ಒಂದು ದಿನವಿರುವಾಗ, ಅವರು ನಿಧನರಾದರು. 2007ರಿಂದ ಜೂನ್ 29 ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿದೆ.

ವಿದ್ಯಾರ್ಥಿಗಳೇ, ಸರಾಸರಿ ಕಂಡುಹಿಡಿದ ಮೇಲೆ ಪುಸ್ತಕ ಮುಚ್ಚಬೇಡಿ. ಮಧ್ಯಾಂಕ ಎಲ್ಲಿದೆ, ಬಹುಲಕ ಯಾವುದು, ಕೆಳಗೆ ಉಳಿದವರು ಎಷ್ಟು ಮಂದಿ ಎಂದು ನೋಡಿರಿ. ತಂದೆತಾಯಿಗಳೂ ಮಕ್ಕಳ ಅಂಕಪಟ್ಟಿಯನ್ನು ಹೀಗೆಯೇ ನೋಡಲೆಂದು ನಾವು ಬಯಸುತ್ತೇವೆ.